ಕೋರ್ಟಿನ ಅರ್ಜಿಯಲ್ಲಿ ‘ಕುಡುಕ’ ಎಂದು ಬರೆಯಬೇಕೇ? ಬೇರೆ ಪದ ಯಾವುದು?

ಹಾವೇರಿ ವಕೀಲೆ:
ಎಲ್ಲರಿಗೂ ನಮಸ್ಕಾರ. ಒಂದು ಅರ್ಜಿಯ ಭಾಷೆಯ ವಿಚಾರದಲ್ಲಿ ನಿಮ್ಮ ಅಭಿಪ್ರಾಯ ಬೇಕಾಗಿದೆ. ಕಕ್ಷಿದಾರರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ, 2005ರ 12ನೇ ಕಲಮಿನ ಅಡಿಯಲ್ಲಿ ಒಬ್ಬ ಹೆಣ್ಣುಮಗಳ ಅರ್ಜಿ ಸಿದ್ಧಪಡಿಸುತ್ತಿದ್ದೇನೆ. ಇಂಥ ಅರ್ಜಿಗಳಿಗೆ ನಮ್ಮಲ್ಲಿ ಒಂದು ಹಳೆಯ ಅಚ್ಚು ಇದೆ. “ಎದುರುದಾರನು ಮಹಾ ಕುಡುಕನಿದ್ದು, ದುಶ್ಚಟಗಳಿಗೆ ದಾಸನಾಗಿ...” ಎಂದು ಶುರುವಾಗುತ್ತದೆ. ಹಿರಿಯರ ಕಚೇರಿಯಲ್ಲಿ ನಾನು ಕಲಿತದ್ದೂ ಹಾಗೆಯೇ. ಟೈಪ್ ಮಾಡುವ ಹುಡುಗನಿಗೆ ಹೇಳಬೇಕಾಗಿಯೂ ಇಲ್ಲ, ಅವನ ಬೆರಳಿಗೇ ಆ ಸಾಲು ಬರುತ್ತದೆ.

ಆ ತಾಯಿ ಬ್ಲೌಸ್ ಹೊಲಿದು ಸಂಸಾರ ನಡೆಸುವವರು. ಕರಡನ್ನು ಮನೆಗೆ ಒಯ್ದು ಮರುದಿನ ತಂದುಕೊಟ್ಟರು. ಬಟ್ಟೆಗೆ ಗುರುತು ಹಾಕುವ ನೀಲಿ ಚಾಕಿನಿಂದ ಏಳು ಕಡೆ ಗೆರೆ ಎಳೆದಿದ್ದರು. ಹೊಡೆದದ್ದು, ಹಣ ಕಸಿದದ್ದು, ಹೊಲಿಗೆ ಯಂತ್ರ ಮಾರಿದ್ದು, ಈ ಸಾಲುಗಳನ್ನು ಮುಟ್ಟಿರಲಿಲ್ಲ. ‘ಕುಡುಕ’ ಎಂದು ಬಂದಲ್ಲೆಲ್ಲ ಗೆರೆ. “ಅವರು ಮಾಡಿದ್ದನ್ನೆಲ್ಲ ಬರೆಯಿರಿ ಮೇಡಂ, ಒಂದನ್ನೂ ಬಿಡಬೇಡಿ. ಈ ಪದ ಮಾತ್ರ ಬೇಡ. ಮಗ ಈಗ ಆರನೇ ಇಯತ್ತೆ. ನಾಳೆ ಈ ಕಾಗದ ಅವನ ಕೈಗೂ ಬರುತ್ತದೆ” ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ಏನೆಂದು ಬರೆಯಲಿ? ‘ಮದ್ಯವ್ಯಸನಿ’ ಸಾಕೇ? ‘ಮದ್ಯದ ಅವಲಂಬನೆ ಇರುವ ವ್ಯಕ್ತಿ’ ಎಂದರೆ ಪ್ರಕರಣ ಮೆತ್ತಗಾಯಿತು ಎನಿಸೀತೇ?

ದಾರಿಹೋಕ:
ಕುಡುಕನನ್ನು ಕುಡುಕ ಎನ್ನದೆ ಇನ್ನೇನು ಎನ್ನುವುದು? ಹೆಸರು ಬದಲಿಸಿದರೆ ಚಟ ಬಿಡುತ್ತದೆಯೇ?

ಹಳೆಯ ಠಾಣೆ ಬರಹಗಾರ:
ಮೇಡಂ, ಮೂವತ್ತೊಂದು ವರ್ಷ ಇಲಾಖೆಯಲ್ಲಿದ್ದೆ. ಅದರಲ್ಲಿ ಹೆಚ್ಚು ವರ್ಷ ಠಾಣೆಯ ಬರಹಗಾರನಾಗಿ. ಅಸ್ವಾಭಾವಿಕ ಸಾವಿನ ವರದಿ ಬರೆಯುವಾಗ ನಮ್ಮ ಅಚ್ಚು ಹೀಗಿತ್ತು: “ಮೃತನು ವಿಪರೀತ ಮದ್ಯ ಸೇವಿಸುವ ಚಟವುಳ್ಳವನಾಗಿದ್ದು, ಜೀವನದಲ್ಲಿ ಜಿಗುಪ್ಸೆಗೊಂಡು...” ಎಷ್ಟು ಸಾವಿರ ಸಲ ಬರೆದೆನೋ. ಪತ್ರಿಕೆಗಳು ಈಗಲೂ ಅದನ್ನೇ ಅಚ್ಚು ಹಾಕುತ್ತವೆ. ಒಂದು ಸಲ ಮೃತನ ತಮ್ಮ ಬಂದು, “ಸರ್, ಅಣ್ಣ ಕುಡಿಯುತ್ತಿದ್ದದ್ದು ನಿಜ. ಆದರೆ ಸತ್ತದ್ದು ಸಾಲಕ್ಕೆ. ನೀವು ಎರಡನ್ನೂ ಒಂದೇ ಸಾಲಿಗೆ ಹಾಕಿ ಸಾಲದ ಮಾತನ್ನೇ ಬಿಟ್ಟಿರಿ” ಎಂದ. ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿದೆ. ಚಟದ ಪದ ಒಂದು ಸಿಕ್ಕಿತೆಂದರೆ ಬರೆಯುವವನು ಬೇರೆ ಕಾರಣ ಹುಡುಕುವುದನ್ನು ನಿಲ್ಲಿಸುತ್ತಾನೆ. ನಾನು ನಿಲ್ಲಿಸಿದ್ದೆ.

ಆದರೆ ಒಂದು ಎಚ್ಚರಿಕೆ. ಗಾಂಜಾ ಪ್ರಕರಣಗಳಲ್ಲಿ ‘ವ್ಯಸನಿ’ ಎಂಬ ಪದವನ್ನು ಕಿತ್ತೆಸೆಯಬೇಡಿ. ಅದು ಕಾಯ್ದೆಯ ಪದ. ಅದಿಲ್ಲದೆ ಆರೋಪಿಗೇ ನಷ್ಟ.

ಕಾನೂನು ವಿದ್ಯಾರ್ಥಿ, ಮೂರನೇ ವರ್ಷ:
ಸರ್ ಹೇಳಿದ್ದು ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳ ಕಾಯ್ದೆ, 1985ರ 64ಎ ಕಲಮಿನ ವಿಚಾರ ಇರಬೇಕು. ಸೇವನೆಗೆ ಸಂಬಂಧಿಸಿದ 27ನೇ ಕಲಮಿನ ಆರೋಪ ಅಥವಾ ಅಲ್ಪ ಪ್ರಮಾಣದ ಪ್ರಕರಣ ಇರುವ ‘ವ್ಯಸನಿ’ಯು ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ರಿಯಾಯಿತಿ ಹೋಗುತ್ತದೆ. ಗಾಂಜಾಕ್ಕೆ ಅಲ್ಪ ಪ್ರಮಾಣ ಎಂದರೆ 1 ಕಿಲೋವರೆಗೆ, ಹೆರಾಯಿನ್‌ಗೆ 5 ಗ್ರಾಂ.

ಮೂಲ ಪಠ್ಯ ತೆರೆದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. 2001ರ ತಿದ್ದುಪಡಿಯ ನಂತರ ವ್ಯಾಖ್ಯಾನ ಹೇಗಿದೆ ಗೊತ್ತೇ? ಮಾದಕ ವಸ್ತುವಿನ ಮೇಲೆ ‘ಅವಲಂಬನೆ ಹೊಂದಿರುವ ವ್ಯಕ್ತಿ’ ಎಂದೇ ಇದೆ. ಅಂದರೆ ವ್ಯಾಖ್ಯಾನದ ಒಳಗೆ ವ್ಯಕ್ತಿ ಇದ್ದಾನೆ, ಅವಲಂಬನೆ ಅವನಿಗೆ ಇರುವ ಒಂದು ಸ್ಥಿತಿ. ಹೊರಗೆ ತಲೆಪಟ್ಟಿಯಲ್ಲಿ ಮಾತ್ರ ‘ಅಡಿಕ್ಟ್’ (ವ್ಯಸನಿ) ಎಂಬ ಹಳೆಯ ಪದ ಉಳಿದುಕೊಂಡಿದೆ. ಒಳಗಿನ ಪದಗಳನ್ನು ಹೊರಗೆ ತಂದರೆ ಸಾಕು, 64ಎ ರಿಯಾಯಿತಿಗೆ ಏನೂ ಆಗುವುದಿಲ್ಲ.

ಹಳೆಯ ಠಾಣೆ ಬರಹಗಾರ:
ತಮ್ಮಾ, ಸಂಸತ್ತು ತಿದ್ದಿದರೆ ಆಗುವುದಿಲ್ಲ, ನಿಜ. ಆದರೆ ಅಲ್ಲಿಯವರೆಗೆ ಅರ್ಜಿಯಲ್ಲಿ ಕಾಯ್ದೆಯ ಪದ ಇರಲೇಬೇಕು. “ಕಲಂ 64ಎ ಅರ್ಥದಲ್ಲಿ ವ್ಯಸನಿ” ಎಂದು ಒಮ್ಮೆ ಬರೆದು ಮುಂದೆ ‘ಆರೋಪಿ’ ಅಥವಾ ‘ಅರ್ಜಿದಾರ’ ಎಂದು ಸಾಗಲಿ. ಪ್ರತಿ ಸಾಲಿನಲ್ಲೂ ವ್ಯಸನಿ, ವ್ಯಸನಿ ಎಂದು ಕುಟ್ಟುವ ಅಗತ್ಯವಿಲ್ಲ.

ಕಾನೂನು ವಿದ್ಯಾರ್ಥಿ, ಮೂರನೇ ವರ್ಷ:
ಒಪ್ಪಿದೆ ಸರ್. ಅದನ್ನು ನಾನು ಯೋಚಿಸಿರಲಿಲ್ಲ.

ಮಲೆನಾಡಿನ ಸೊಸೆ:
ವಕೀಲರೇ, ಕೋಪ ಮಾಡಿಕೊಳ್ಳಬೇಡಿ, ನನಗೆ ಈ ಚರ್ಚೆಯೇ ಸಂಕಟ ತರುತ್ತಿದೆ. ಹದಿನೆಂಟು ವರ್ಷ ಬಾಳಿದ್ದೇನೆ ಅಂಥವರ ಜೊತೆ. ನಮ್ಮ ಮನೆಯಲ್ಲಿ ಗೌರವದ ಭಾಷೆಗೆ ಕೊರತೆ ಇರಲಿಲ್ಲ. ಅತ್ತೆ “ಇವತ್ತು ಸ್ವಲ್ಪ ಸುಸ್ತಾಗಿದ್ದಾನೆ” ಎನ್ನುತ್ತಿದ್ದರು. ಮಾವ “ಗೆಳೆಯರ ಜೊತೆ ಸೇರಿದ್ದ” ಎನ್ನುತ್ತಿದ್ದರು. ನನ್ನ ತವರಿನವರು “ಒಂದೆರಡು ತೆಗೆದುಕೊಳ್ಳುತ್ತಾರೆ ಅಷ್ಟೆ” ಎನ್ನುತ್ತಿದ್ದರು. ನನ್ನ ಹಣೆಯ ಮೇಲೆ ನಾಲ್ಕು ಹೊಲಿಗೆ ಬಿದ್ದಾಗಲೂ ಆಸ್ಪತ್ರೆಯಲ್ಲಿ “ಮೆಟ್ಟಿಲಿನಿಂದ ಬಿದ್ದಳು” ಎಂದೇ ಬರೆಸಿದರು. ಊರಿನ ಹಿರಿಯರ ಎದುರು ನಿಂತು “ಇವರು ಕುಡುಕರು” ಎಂದು ಒಂದೇ ಒಂದು ಪದ ಹೇಳಿದ ದಿನ ನನಗೆ ಉಸಿರು ಬಂತು. ಈಗ ಆ ಪದವನ್ನೂ ಕಿತ್ತುಕೊಂಡು ‘ಅವಲಂಬನೆ’ ಎಂದು ಬರೆಯುತ್ತೀರಾ? ಯಾರ ಗೌರವ ಇದು? ನನ್ನದು ಎಲ್ಲಿ ಹೋಯಿತು?

ದಾರಿಹೋಕ:
ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ.

ಹಾವೇರಿ ವಕೀಲೆ:
ಅಕ್ಕಾ, ಕೋಪ ಏಕೆ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಿಮ್ಮ ಮನೆಯವರು ಮೆತ್ತಗೆ ಮಾಡಿದ್ದು ಯಾವುದನ್ನು? ಅವರು ಮಾಡಿದ ಕೆಲಸವನ್ನು. ಹೊಡೆದದ್ದು ‘ಬಿದ್ದಳು’ ಆಯಿತು, ಕುಡಿದದ್ದು ‘ಸುಸ್ತು’ ಆಯಿತು. ನನ್ನ ಕಕ್ಷಿದಾರರು ಕೇಳುತ್ತಿರುವುದು ಅದಕ್ಕೆ ಉಲ್ಟಾ. ಮಾಡಿದ ಕೆಲಸದ ಒಂದು ಅಕ್ಷರವನ್ನೂ ಅವರು ಅಳಿಸಿಲ್ಲ. ಹೊಡೆತ ಹೊಡೆತವಾಗಿಯೇ ಇದೆ, ತಾರೀಖು ಸಮೇತ. ಅಳಿಸಿದ್ದು ಮನುಷ್ಯನ ಮೇಲಿನ ಪಟ್ಟಿಯನ್ನು ಮಾತ್ರ.

ಇನ್ನೊಂದು ಮಾತು. ನನ್ನ ಹಳೆಯ ಕರಡಿನಲ್ಲಿ ‘ಮಹಾ ಕುಡುಕ’ ಎಂಬುದು ಏಳು ಸಲ ಇತ್ತು, ಹೊಡೆದ ತಾರೀಖು ಒಂದೇ ಒಂದು ಕಡೆ ಇತ್ತು. ಬೈಗುಳ ಇದ್ದಲ್ಲಿ ವಿವರ ಬೇಕಿಲ್ಲ ಎಂದು ನನಗೇ ತಿಳಿಯದೆ ಅಂದುಕೊಂಡಿದ್ದೆ. ಆ ಪದ ತೆಗೆದ ಮೇಲೆ ಜಾಗ ಖಾಲಿ ಕಂಡಿತು, ಆಗ ಅವರನ್ನು ಕೂರಿಸಿಕೊಂಡು ಕೇಳಿದೆ. ಒಂಬತ್ತು ಘಟನೆಗಳು ಹೊರಬಂದವು.

ಮಲೆನಾಡಿನ ಸೊಸೆ:
ಒಂಬತ್ತನ್ನೂ ಬರೆದಿರಾ?

ಹಾವೇರಿ ವಕೀಲೆ:
ಒಂಬತ್ತನ್ನೂ. ಅಂದಾಜು ಹೊತ್ತು, ಯಾರು ನೋಡಿದರು ಎಂಬುದು ಸಮೇತ.

ಕನ್ನಡ ಮೇಷ್ಟರು:
ಭಾಷೆಯ ಕಡೆಯಿಂದ ಎರಡು ಮಾತು ಹೇಳಲೇ? ಸ್ವಲ್ಪ ಉದ್ದವಾಗುತ್ತದೆ.

ಇಂಗ್ಲಿಷಿನವರು ‘ವ್ಯಕ್ತಿ ಮೊದಲು’ ಎನ್ನುತ್ತಾರೆ, ಏಕೆಂದರೆ ಅವರ ವಾಕ್ಯದಲ್ಲಿ ವ್ಯಕ್ತಿ ಎಂಬ ಪದ ಮೊದಲು ಬಂದು ರೋಗ ಆಮೇಲೆ ಬರುವಂತೆ ಬರೆಯಬಹುದು. ಕನ್ನಡದಲ್ಲಿ ವಿಶೇಷಣ ಯಾವಾಗಲೂ ಮುಂದೆ, ನಾಮಪದ ಕೊನೆಗೆ. ‘ಮದ್ಯದ ಅವಲಂಬನೆ ಇರುವ ವ್ಯಕ್ತಿ’ ಎಂದರೆ ಮದ್ಯವೇ ಮೊದಲು ಬಂತು, ವ್ಯಕ್ತಿ ಬಾಲದಲ್ಲಿ. ಹಾಗಾಗಿ ಆ ಸೂತ್ರವನ್ನು ಹಾಗೆಯೇ ಹೊತ್ತು ತಂದರೆ ಕೆಲಸ ಮಾಡುವುದಿಲ್ಲ.

ಆದರೆ ನಮಗೆ ನಮ್ಮದೇ ದಾರಿ ಇದೆ, ಅದು ಚತುರ್ಥಿ ವಿಭಕ್ತಿ. “ಅವರಿಗೆ ಸಕ್ಕರೆ ಕಾಯಿಲೆ ಇದೆ”, “ಅಜ್ಜಿಗೆ ಬಿಪಿ ಇದೆ”, “ಮಗುವಿಗೆ ಜ್ವರ ಇದೆ”. ಯಾರೂ ಕಲಿಸದೆಯೇ ಹೀಗೆ ಹೇಳುತ್ತೇವೆ. ಕಾಯಿಲೆ ಅವರಿಗೆ ‘ಇದೆ’, ಅವರು ಕಾಯಿಲೆ ‘ಅಲ್ಲ’. ಕುಡಿತದ ಮಾತು ಬಂದ ಕೂಡಲೇ ವಿಭಕ್ತಿ ಬದಲಾಗುತ್ತದೆ. “ಅವನು ಕುಡುಕ.” ತಿರುಕ, ಕುಡುಕ, ಕೆಡುಕ, ಈ ಸಾಲಿನ ಪದಗಳನ್ನು ಗಮನಿಸಿ. ಒಮ್ಮೆ ಮಾಡಿದ್ದನ್ನಲ್ಲ, ಆಳನ್ನೇ ಹೆಸರಿಸುತ್ತವೆ.

‘ವ್ಯಸನಿ’ಯ ಬಗ್ಗೆ ನನಗೆ ಅಷ್ಟು ತಕರಾರಿಲ್ಲ. ರೋಗಿ, ಯೋಗಿ, ಜ್ಞಾನಿ ಇದ್ದ ಹಾಗೆ. ವ್ಯಸನ ಉಳ್ಳವನು ಎಂದೇ ಅದರ ಅರ್ಥ. ವ್ಯಸನ ಎಂದರೆ ದುಃಖ, ಆಪತ್ತು ಎಂಬ ಅರ್ಥವೂ ಉಂಟು. ‘ವ್ಯಸನಪಡಬೇಡ’ ಎಂದು ಹಿರಿಯರು ಸಮಾಧಾನ ಮಾಡುತ್ತಿದ್ದದ್ದು ನೆನಪಿಸಿಕೊಳ್ಳಿ. ಇಷ್ಟು ಮರುಕದ ಪದವನ್ನು ನಾವು ಬೈಗುಳದ ಹತ್ತಿರಕ್ಕೆ ತಂದು ನಿಲ್ಲಿಸಿದೆವು.

ಸುದ್ದಿಮನೆ:
ಮೇಷ್ಟರೇ, ವ್ಯಸನಕ್ಕೆ ಮರುಕದ ಅರ್ಥ ಮಾತ್ರ ಇತ್ತು ಎಂದರೆ ಒಪ್ಪುವುದು ಕಷ್ಟ. ಸಪ್ತ ವ್ಯಸನಗಳು ಎಂದು ಜೂಜು, ಸುರೆ, ಕಳ್ಳತನ, ಬೇಟೆಗಳನ್ನು ಸೇರಿಸಿ ಹೇಳುವ ಪರಂಪರೆಯೂ ಅಷ್ಟೇ ಹಳೆಯದು. ಅಲ್ಲಿ ವ್ಯಸನ ಎಂದರೆ ದೋಷ, ಪಾಪ. ಕಳ್ಳತನದ ಪಕ್ಕದಲ್ಲಿ ಕೂರಿಸಿದ ಮೇಲೆ ಕಾಯಿಲೆ ಎಂದು ಯಾರು ನಂಬುತ್ತಾರೆ?

ಕನ್ನಡ ಮೇಷ್ಟರು:
ಸರಿಯಾದ ಮಾತು. ಎರಡೂ ಅರ್ಥ ಜೊತೆಯಲ್ಲೇ ಬಂದಿವೆ. ಮರುಕ ‘ಮಾತ್ರ’ ಎಂದು ನಾನು ಬರೆದಿಲ್ಲ, ಆದರೆ ಸಪ್ತ ವ್ಯಸನವನ್ನು ನಾನೇ ಹೇಳಬೇಕಿತ್ತು.

ಹನ್ನೊಂದು ವರ್ಷ:
ಇಲ್ಲಿ ಬರೆಯಲು ಖಾತೆ ತೆರೆದೆ. ನನ್ನ ಹೆಸರೇ ನನ್ನ ಲೆಕ್ಕ, ಕುಡಿಯದೆ ಹನ್ನೊಂದು ವರ್ಷ.

ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟದ ಸಭೆಯಲ್ಲಿ ಎದ್ದು ನಿಂತಾಗ ನಾನು “ನಾನೊಬ್ಬ ಮದ್ಯವ್ಯಸನಿ” ಎಂದೇ ಶುರು ಮಾಡುತ್ತೇನೆ. ಈಗಲೂ. ಆ ಕೋಣೆಯಲ್ಲಿ ಆ ಪದ ನನ್ನನ್ನು ಉಳಿಸಿದೆ. ಎದುರಿಗೆ ಕುಳಿತವರೂ ಅದೇ ಪದ ಹೇಳಿದವರು, ಯಾರೂ ನನ್ನನ್ನು ಕೆಳಗೆ ನೋಡುವುದಿಲ್ಲ. ಪ್ಲಾಸ್ಟಿಕ್ ಲೋಟದಲ್ಲಿ ಚಹಾ, ಗೋಡೆಗೆ ಒರಗಿಸಿಟ್ಟ ಮಡಿಸುವ ಕುರ್ಚಿಗಳು, ಒಬ್ಬೊಬ್ಬರಾಗಿ ಹೇಳುವುದು. ಅದೇ ಪದವನ್ನು ನ್ಯಾಯಾಲಯದಲ್ಲಿ ಎದುರು ಕಕ್ಷಿಯ ವಕೀಲರು ನನ್ನ ಮಗಳ ಪಾಲನೆಯ ವಿಚಾರಣೆಯಲ್ಲಿ ಹೇಳಿದರು. ಆಗ ಬಿಟ್ಟು ನಾಲ್ಕು ವರ್ಷವಾಗಿತ್ತು. “ಈತ ಕುಡುಕ” ಎಂದರು. “ಕುಡಿಯುತ್ತಿದ್ದರು” ಎಂದಿದ್ದರೆ ನನಗೆ ಉತ್ತರ ಇತ್ತು, ಆ ಕಾಲಕ್ಕೆ ಒಂದು ಕೊನೆ ಇತ್ತು. ‘ಕುಡುಕ’ ಎಂಬುದಕ್ಕೆ ಕಾಲವೇ ಇಲ್ಲ. ಭೂತಕಾಲವೂ ಇಲ್ಲ, ಭವಿಷ್ಯವೂ ಇಲ್ಲ.

ಆದ್ದರಿಂದ ವಕೀಲರೇ, ಪದ ಯಾವುದು ಎನ್ನುವುದಕ್ಕಿಂತ ಯಾರ ಬಾಯಲ್ಲಿ, ಯಾವ ಕೋಣೆಯಲ್ಲಿ ಎನ್ನುವುದು ನನಗೆ ದೊಡ್ಡದು. ನಾನು ನನಗೆ ಇಟ್ಟುಕೊಂಡದ್ದನ್ನು ಸರ್ಕಾರ ನನಗೆ ಇಡಬಾರದು.

ಮಲೆನಾಡಿನ ಸೊಸೆ:
ಅಣ್ಣಾ, ನೀವು ಬಿಟ್ಟಿರಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ನಮ್ಮವರು ಬಿಡಲಿಲ್ಲ, ಹೋಗಿಬಿಟ್ಟರು.

ಹನ್ನೊಂದು ವರ್ಷ:
ಅಮ್ಮಾ, ನನ್ನ ಹೆಂಡತಿಯೂ ನೀವು ಬರೆದದ್ದನ್ನೆಲ್ಲ ಅನುಭವಿಸಿದ್ದಾಳೆ. ನಿಮ್ಮ ಮಾತಿಗೆ ಎದುರು ಹೇಳುವ ಯೋಗ್ಯತೆ ನನಗಿಲ್ಲ.

ಆಪ್ತಸಮಾಲೋಚಕಿ:
ಆಸ್ಪತ್ರೆಯ ಕಡೆಯಿಂದ ಒಂದು ಮಾಹಿತಿ. ನಮ್ಮ ಡಿಸ್ಚಾರ್ಜ್ ಪತ್ರಗಳಲ್ಲಿ ವೈದ್ಯರು ಬರೆಯುವುದು ‘ಎಡಿಎಸ್’, ಅಂದರೆ ಮದ್ಯ ಅವಲಂಬನೆಯ ಕಾಯಿಲೆ. ಅದೇ ಮನುಷ್ಯ ಆಸ್ಪತ್ರೆಯ ಗೇಟು ದಾಟಿ ತಾಲ್ಲೂಕು ನ್ಯಾಯಾಲಯಕ್ಕೆ ಬಂದರೆ ‘ಕುಡುಕ’ನಾಗುತ್ತಾನೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಮಾನಸಿಕ ಕಾಯಿಲೆಯ ವ್ಯಾಖ್ಯಾನದಲ್ಲೇ ಮದ್ಯ ಮತ್ತು ಮಾದಕ ವಸ್ತುವಿಗೆ ಸಂಬಂಧಿಸಿದ ಸ್ಥಿತಿಗಳನ್ನು ಸೇರಿಸಿದೆ. ಅಂದರೆ ಒಂದು ಕೇಂದ್ರ ಕಾಯ್ದೆ ಇವರನ್ನು ಚಿಕಿತ್ಸೆಯ ಹಕ್ಕು ಇರುವವರು ಎಂದು ನೋಡುತ್ತದೆ. ಬೇಸರದ ಸಂಗತಿ ಎಂದರೆ ಆ ಕಾಯ್ದೆಯಲ್ಲೂ ‘ದುರ್ಬಳಕೆ’ ಎಂಬ ಅರ್ಥದ ಹಳೆಯ ಪದವೇ ಇದೆ. ವೈದ್ಯಕೀಯ ಕೈಪಿಡಿಯಾದ ಡಿಎಸ್‌ಎಂ 2013ರ ಆವೃತ್ತಿಯಲ್ಲಿ ಆ ಪದವನ್ನು ಕೈಬಿಟ್ಟು ‘ಬಳಕೆಯ ಅಸ್ವಸ್ಥತೆ’ ಎಂದು ಮಾಡಿತ್ತು.

ನಾನು ಪ್ರತಿ ವಾರ ನೋಡುವ ದೃಶ್ಯ ಹೇಳುತ್ತೇನೆ. ಹೊರರೋಗಿ ವಿಭಾಗದಲ್ಲಿ ಗಂಡಸರು ಬಂದು ‘ಹೊಟ್ಟೆನೋವು’ ಎಂದು ಚೀಟಿ ಮಾಡಿಸುತ್ತಾರೆ. ನಮ್ಮ ಕೋಣೆಯ ಮೇಲೆ ‘ವ್ಯಸನ’ ಎಂಬ ಫಲಕ ಇದೆ, ಅದರ ಕೆಳಗಿನ ಬೆಂಚಿನ ಮೇಲೆ ಕೂರಲು ಅವರಿಗೆ ಆಗುವುದಿಲ್ಲ. ಎಕ್ಸ್‌ರೇ ಕೋಣೆಯ ಎದುರಿನ ಬೆಂಚಿನಲ್ಲಿ ಕುಳಿತು ನಾವು ಹೆಸರು ಕೂಗುವುದನ್ನು ಕಾಯುತ್ತಾರೆ. ಕೂಗಿದಾಗ ಎರಡು ಕ್ಷಣ ಬಿಟ್ಟು, ಬೇರೆಲ್ಲೋ ಹೋಗುವವರಂತೆ ಎದ್ದು ಬರುತ್ತಾರೆ.

ರಾಯಚೂರು ರೈತ:
ಎಲ್ಲ ಸರಿ. ಆದರೆ 2007ರಲ್ಲಿ ಸಾರಾಯಿ ನಿಷೇಧ ಮಾಡಿದರು, ಹಳ್ಳಿಯವನು ಅಗ್ಗದ ವಿಸ್ಕಿಗೆ ಹೋದ. ಅಬಕಾರಿ ಇಲಾಖೆಗೆ ಪ್ರತಿ ವರ್ಷ ಗುರಿ ನಿಗದಿ ಮಾಡುತ್ತಾರೆ. ಮಾರುವುದಕ್ಕೆ ಪರವಾನಗಿ ಕೊಟ್ಟು ತೆರಿಗೆ ತೆಗೆದುಕೊಳ್ಳುವವರು ಅದೇ ಸರ್ಕಾರದ ಕಾಗದದಲ್ಲಿ ಕುಡಿದವನನ್ನು ಕುಡುಕ ಎನ್ನುವುದು ಯಾವ ನ್ಯಾಯ? ಮೊದಲು ಅಂಗಡಿ ಮುಚ್ಚಲಿ.

ಸುದ್ದಿಮನೆ:
ವಿಷಯ ಬೇರೆ ಕಡೆ ಹೋಗುತ್ತಿದೆ. ಅಂಗಡಿಯ ಚರ್ಚೆಗೆ ಬೇರೆ ಎಳೆ ತೆರೆಯಬಹುದು.

ರಾಯಚೂರು ರೈತ:
ಬೇರೆ ಅಲ್ಲ ಸ್ವಾಮಿ. ತಪ್ಪೆಲ್ಲ ಕುಡಿದವನ ಸ್ವಭಾವದ್ದೇ ಎಂದು ಆ ಒಂದು ಪದ ಹೇಳಿಬಿಡುತ್ತದೆ. ಅಂಗಡಿ ತೆರೆದವನ ಪಾಲು ಅದರಲ್ಲಿ ಕಾಣುವುದೇ ಇಲ್ಲ. ನಾನು ಹೇಳಿದ್ದು ಅದನ್ನು.

ಆಪ್ತಸಮಾಲೋಚಕಿ:
ರೈತ ಸಹೋದರರು ಹೇಳಿದ್ದು ವಿಷಯದ ಒಳಗೇ ಇದೆ ಎಂದು ನನಗೂ ಅನಿಸುತ್ತದೆ.

ನ್ಯೂಜೆರ್ಸಿ ಕನ್ನಡಿಗ:
ಇಲ್ಲಿನ ಅನುಭವ ಸೇರಿಸುತ್ತೇನೆ. ನಾನು ಇರುವುದು ಅಮೆರಿಕದಲ್ಲಿ. 2017ರ ಜನವರಿಯಲ್ಲಿ ಶ್ವೇತಭವನದ ಮಾದಕ ವಸ್ತು ನೀತಿ ಕಚೇರಿ ಕೇಂದ್ರ ಇಲಾಖೆಗಳಿಗೆ ಒಂದು ಟಿಪ್ಪಣಿ ಕಳಿಸಿತು. ‘ಅಡಿಕ್ಟ್’, ‘ಅಬ್ಯೂಸರ್’ (ದುರ್ಬಳಕೆ ಮಾಡುವವ) ಮುಂತಾದ ಪದಗಳ ಬದಲು ವ್ಯಕ್ತಿಯನ್ನು ಮುಂದಿಟ್ಟು ಬರೆಯುವುದನ್ನು ಪರಿಗಣಿಸಿ ಎಂದು. ಅದೇ ವರ್ಷ ಅಸೋಸಿಯೇಟೆಡ್ ಪ್ರೆಸ್ ಸುದ್ದಿ ಸಂಸ್ಥೆಯ ಶೈಲಿ ಕೈಪಿಡಿಯೂ ‘ಅಡಿಕ್ಟ್’ ಎಂದು ಮನುಷ್ಯರನ್ನು ಕರೆಯಬೇಡಿ ಎಂದಿತು.

ಇದು ಬರೀ ನಯದ ಮಾತಲ್ಲ ಎಂದು ತೋರಿಸಿದ ಅಧ್ಯಯನ 2010ರದು. ಮಾನಸಿಕ ಆರೋಗ್ಯ ಕ್ಷೇತ್ರದ ಐನೂರಕ್ಕೂ ಹೆಚ್ಚು ಮಂದಿಗೆ ಒಬ್ಬ ವ್ಯಕ್ತಿಯ ವಿವರ ಕೊಟ್ಟರು. ಎರಡು ಪ್ರತಿ, ಎಲ್ಲ ಒಂದೇ, ಒಂದರಲ್ಲಿ ‘ಅಬ್ಯೂಸರ್’ ಎಂದು, ಇನ್ನೊಂದರಲ್ಲಿ ‘ಬಳಕೆಯ ಅಸ್ವಸ್ಥತೆ ಇರುವ ವ್ಯಕ್ತಿ’ ಎಂದು. ಆ ವ್ಯಕ್ತಿಗೆ ನ್ಯಾಯಾಲಯ ಚಿಕಿತ್ಸೆಗೆ ಆದೇಶಿಸಿತ್ತು ಎಂಬುದೂ ವಿವರದಲ್ಲಿತ್ತು. ‘ಅಬ್ಯೂಸರ್’ ಎಂದು ಓದಿದವರು ಅವನೇ ತಪ್ಪಿತಸ್ಥ, ಶಿಕ್ಷೆಯ ಕ್ರಮ ಬೇಕು ಎನ್ನುವ ಕಡೆಗೆ ಹೆಚ್ಚು ವಾಲಿದರು. ಓದಿದವರು ತರಬೇತಿ ಪಡೆದವರು, ಸಾಮಾನ್ಯ ಜನರಲ್ಲ. ಒಂದು ಪದ ಅವರನ್ನೇ ಹಾಗೆ ತಿರುಗಿಸಿದರೆ ದಿನಕ್ಕೆ ಎಂಬತ್ತು ಕಡತ ನೋಡುವ ನ್ಯಾಯಾಧೀಶರನ್ನು ಎಷ್ಟು ತಿರುಗಿಸಬಹುದು?

ಇನ್ನೂ ಹಿಂದೆ, 1962ರಲ್ಲಿ ರಾಬಿನ್ಸನ್ ಪ್ರಕರಣದಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ವ್ಯಸನಿ ‘ಆಗಿರುವುದೇ’ ಅಪರಾಧ ಎಂಬ ಕ್ಯಾಲಿಫೋರ್ನಿಯಾದ ಕಾನೂನನ್ನು ರದ್ದು ಮಾಡಿತು. ಮಾಡಿದ್ದಕ್ಕೆ ಶಿಕ್ಷೆ ಇರಬಹುದು, ಆಗಿರುವುದಕ್ಕೆ ಇಲ್ಲ ಎಂದು.

ದಾರಿಹೋಕ:
ಅಮೆರಿಕದಲ್ಲಿ ಪದ ಬದಲಿಸಿ ಏನಾಯಿತು? ಅಲ್ಲಿ ಸಾಯುವವರು ಕಡಿಮೆಯಾದರೇ? ನಮ್ಮ ಕಡೆಯ ಉದಾಹರಣೆ ಹೇಳುತ್ತೇನೆ. ಹುಚ್ಚಾಸ್ಪತ್ರೆ ಎಂಬುದು ಮಾನಸಿಕ ಆಸ್ಪತ್ರೆ ಆಯಿತು, 1974ರಲ್ಲಿ ನಿಮ್ಹಾನ್ಸ್ ಆಯಿತು. ಈಗ ಜಗಳ ಬಂದರೆ “ನಿನ್ನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು” ಎನ್ನುತ್ತಾರೆ. ಅಂಗವಿಕಲ ಹೋಗಿ ವಿಕಲಚೇತನ ಬಂತು, ವಿಶೇಷಚೇತನ ಬಂತು, ದಿವ್ಯಾಂಗ ಬಂತು. ಬಸ್ ನಿಲ್ದಾಣದ ಇಳಿಜಾರು ಮಾತ್ರ ಇನ್ನೂ ಬಂದಿಲ್ಲ. ಮನಸ್ಸು ಬದಲಾಗದೆ ಪದ ಬದಲಿಸಿದರೆ ಹೊಸ ಪದಕ್ಕೂ ಹಳೆಯ ಕೊಳೆ ಅಂಟುತ್ತದೆ. ನನ್ನ ವಿರೋಧ ಇದಕ್ಕೆ. ಯಾರನ್ನೂ ಬೈಯಬೇಕೆಂಬ ಆಸೆ ನನಗಿಲ್ಲ.

ಕನ್ನಡ ಮೇಷ್ಟರು:
ಇದು ಗಟ್ಟಿಯಾದ ಆಕ್ಷೇಪ. ಒಪ್ಪುತ್ತೇನೆ, ಅರ್ಧ ಮಾತ್ರ. ‘ದಿವ್ಯಾಂಗ’ದಂಥ ಪದ ಮನುಷ್ಯನನ್ನು ಎತ್ತಿ ಪೀಠದ ಮೇಲೆ ಕೂರಿಸುತ್ತದೆ, ಅದೂ ಪಟ್ಟಿಯೇ. ಅಂಥ ಅಲಂಕಾರ ಇಲ್ಲಿ ಬೇಡ. ನಾನು ಕೇಳುತ್ತಿರುವುದು ಹೊಸ ಪದವನ್ನಲ್ಲ. ‘ಅವರಿಗೆ ಕುಡಿತದ ಚಟ ಇದೆ’ ಎಂಬುದು ನಮ್ಮ ಅಜ್ಜಿಯರ ಮಾತು. ಠಾಣೆಯ ಬರಹಗಾರರು ಬರೆದ ‘ಚಟವುಳ್ಳವನು’ ಎಂಬುದರಲ್ಲೂ ಆ ‘ಉಳ್ಳ’ ಇದೆ.

ಹಳೆಯ ಠಾಣೆ ಬರಹಗಾರ:
ಮೂವತ್ತೊಂದು ವರ್ಷ ಬರೆದೆ, ಆ ‘ಉಳ್ಳ’ವನ್ನು ಇವತ್ತು ನೋಡಿದೆ.

ಇಳಕಲ್ ಸೀರೆ:
ಮೇಷ್ಟರು ಹೇಳಿದ ‘ಇದೆ’ಗೆ ನಮ್ಮ ಊರಿನಲ್ಲೇ ಸಾಕ್ಷಿ ಇದೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿದರು. ಕಾಳು ಕಡಿ ಕೇಳಲಿಲ್ಲ. ಕುಡಿತ, ತಂಬಾಕು, ಜೂಜು ಏನಿದೆಯೋ ಅದನ್ನು ಜೋಳಿಗೆಗೆ ಹಾಕಿ ಎಂದು ಕೇಳಿದರು. ನಮ್ಮ ದೊಡ್ಡಪ್ಪ ಜೇಬಿನಿಂದ ಬೀಡಿಕಟ್ಟು ತೆಗೆದು ಹಾಕಿದ್ದನ್ನು ನಾನು ಅಮ್ಮನ ಸೆರಗು ಹಿಡಿದು ನೋಡಿದ್ದೇನೆ. ಹಾಕಿ ಅಂಗೈಯನ್ನು ಪಂಚೆಗೆ ಒರೆಸಿಕೊಂಡರು. ಚಟವನ್ನು ಮನುಷ್ಯನಿಂದ ಬಿಡಿಸಿ ಚೀಲಕ್ಕೆ ಹಾಕಬಹುದು ಎಂದು ಶಿವಯೋಗಿ ಅಜ್ಜಾರು ನಂಬಿದ್ದರು. ಮನುಷ್ಯನೇ ಚಟ ಎಂದಾದರೆ ಜೋಳಿಗೆಗೆ ಏನನ್ನು ಹಾಕುವುದು? ಅವರ ಜನ್ಮದಿನ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ.

ಕಾನೂನು ವಿದ್ಯಾರ್ಥಿ, ಮೂರನೇ ವರ್ಷ:
ಧರ್ಮಸ್ಥಳದ ಯೋಜನೆಯವರ ಮದ್ಯವರ್ಜನ ಶಿಬಿರಗಳಲ್ಲೂ ಹಾಗೆಯೇ. ಒಳಗೆ ಬಂದವರು ‘ಶಿಬಿರಾರ್ಥಿಗಳು’, ಬಿಟ್ಟ ಮೇಲೆ ‘ನವಜೀವನ ಸದಸ್ಯರು’. ನಮ್ಮ ಚಿಕ್ಕಪ್ಪ ಒಬ್ಬರು ಆ ನವಜೀವನ ಸಮಿತಿಯಲ್ಲಿದ್ದಾರೆ. ಮದುವೆ ಮನೆಯಲ್ಲಿ ಪರಿಚಯ ಮಾಡಿಕೊಳ್ಳುವಾಗಲೂ ‘ನವಜೀವನದವರು’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಸುದ್ದಿಮನೆ:
ನನ್ನ ಕೆಲಸದ ಕಡೆಯಿಂದ ಹೇಳುತ್ತೇನೆ. ರಾತ್ರಿ ಹನ್ನೊಂದಕ್ಕೆ ಪುಟ ಕಳಿಸುವಾಗ ಒಂದು ಕಾಲಂ ಅಗಲಕ್ಕೆ ತಲೆಬರಹ ಹೊಂದಿಸಬೇಕು. ‘ಕುಡುಕ ಪತಿಯಿಂದ ಹಲ್ಲೆ’ ಕೂರುತ್ತದೆ, ‘ಮದ್ಯದ ಅವಲಂಬನೆ ಇರುವ ಪತಿಯಿಂದ ಹಲ್ಲೆ’ ಕೂರುವುದಿಲ್ಲ. ಇಷ್ಟು ದಿನ ನನ್ನ ನೆಪ ಇದೇ ಆಗಿತ್ತು. ನಿನ್ನೆ ರಾತ್ರಿ ‘ಕುಡಿದು ಪತ್ನಿ ಮೇಲೆ ಹಲ್ಲೆ’ ಎಂದು ಹಾಕಿ ನೋಡಿದೆ. ಕೂತಿತು. ಅಳತೆ ಹೆಚ್ಚುಕಡಿಮೆ ಅಷ್ಟೇ. ಏನು ಮಾಡಿದ ಎಂಬುದೂ ಇನ್ನಷ್ಟು ಸ್ಪಷ್ಟ.

ಕಾನೂನು ವಿದ್ಯಾರ್ಥಿ, ಮೂರನೇ ವರ್ಷ:
ಒಳ್ಳೆಯ ಕಾನೂನು ಈಗಾಗಲೇ ಹಾಗೆಯೇ ಮಾಡುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ನೋಡಿ. 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ಮೀರಿತ್ತೇ ಎಂದು ಕೇಳುತ್ತದೆ. ನೀನು ಎಂಥವನು ಎಂದು ಕೇಳುವುದಿಲ್ಲ. ಜೀವಮಾನದಲ್ಲಿ ಮೊದಲ ಸಲ ಕುಡಿದವನೂ ದಿನಾ ಕುಡಿಯುವವನೂ ಅಲ್ಲಿ ಒಂದೇ. ಭಾರತೀಯ ನ್ಯಾಯ ಸಂಹಿತೆಯ 355ನೇ ಕಲಂ ಕೂಡ ಅಮಲಿನಲ್ಲಿ ಸಾರ್ವಜನಿಕ ಸ್ಥಳದಲ್ಲಿ ಕಿರಿಕಿರಿ ಮಾಡಿದ್ದನ್ನು ಹಿಡಿಯುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಅದಕ್ಕೆ 10 ರೂಪಾಯಿ ದಂಡ ಇತ್ತು, ಈಗ 1,000 ರೂಪಾಯಿವರೆಗೆ, ಜೊತೆಗೆ ಸಮುದಾಯ ಸೇವೆಯ ದಾರಿಯೂ ಸೇರಿದೆ.

ಮಲೆನಾಡಿನ ಸೊಸೆ:
ಒಂದು ಸಂಶಯ, ಯಾರಾದರೂ ಹೇಳಿ. ಕಾಯಿಲೆ ಎಂದು ಬರೆದರೆ ನಾಳೆ ಅವರ ವಕೀಲರು “ಕಾಯಿಲೆಯವನು, ಅವನಿಗೆ ಶಿಕ್ಷೆ ಬೇಡ” ಎನ್ನುವುದಿಲ್ಲವೇ? ನನಗೆ ಭಯ ಇರುವುದು ಇದರ ಬಗ್ಗೆ.

ಹಾವೇರಿ ವಕೀಲೆ:
ಕೇಳಬೇಕಾದ ಪ್ರಶ್ನೆ ಅಕ್ಕಾ. ಎನ್ನಬಹುದು, ಆದರೆ ನಡೆಯುವುದಿಲ್ಲ. ಬೇರೆಯವರು ತಿಳಿಯದಂತೆ ಅಥವಾ ಬಲವಂತವಾಗಿ ಕುಡಿಸಿದ್ದರೆ ಮಾತ್ರ ಅಮಲು ರಕ್ಷಣೆಯಾಗುತ್ತದೆ. ಹಳೆಯ ದಂಡ ಸಂಹಿತೆಯ 85ನೇ ಕಲಂ, ಈಗ ನ್ಯಾಯ ಸಂಹಿತೆಯ 23. ತಾನಾಗಿ ಕುಡಿದವನಿಗೆ ಆ ಬಾಗಿಲು ಇಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಕಾಯಿಲೆ ಇದೆ ಎಂದ ಮಾತ್ರಕ್ಕೆ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದು ತಿಳಿಯಬೇಡಿ ಎನ್ನುತ್ತದೆ. ಕಾಯಿಲೆ ಎಂದು ಬರೆದು ಚಿಕಿತ್ಸೆ ಕೇಳಬಹುದು, ಹೊಡೆದದ್ದಕ್ಕೆ ರಕ್ಷಣಾ ಆದೇಶವನ್ನೂ ಕೇಳಬಹುದು. ಒಂದು ಇನ್ನೊಂದನ್ನು ತಿನ್ನುವುದಿಲ್ಲ.

ಮಲೆನಾಡಿನ ಸೊಸೆ:
ಹಾಗಿದ್ದರೆ ನನ್ನ ಅರ್ಧ ಕೋಪ ಇಳಿಯಿತು. ಇನ್ನರ್ಧ ನನ್ನ ಹತ್ತಿರವೇ ಇರಲಿ, ನನ್ನ ಬಾಯಿಗೆ ಆ ಪದ ಬೇಕು. ನಿಮ್ಮ ಕಾಗದದಲ್ಲಿ ಬೇಡವಾದರೆ ಬೇಡ. ಆದರೆ ‘ಮೆಟ್ಟಿಲಿನಿಂದ ಬಿದ್ದಳು’ ಎಂಬಂಥದ್ದು ಒಂದೂ ಇರಬಾರದು.

ಹನ್ನೊಂದು ವರ್ಷ:
ನಿಮ್ಮ ಬಾಯಿಗೆ ಆ ಪದ ಖಂಡಿತ ಬೇಕು ಅಮ್ಮಾ.

ಹಾವೇರಿ ವಕೀಲೆ:
ಕೊನೆಗೆ ಬರೆದದ್ದನ್ನು ಇಲ್ಲಿ ಹಾಕುತ್ತಿದ್ದೇನೆ, ತಿದ್ದುವುದಿದ್ದರೆ ತಿದ್ದಿ.

“ಎದುರುದಾರರಿಗೆ ಕಳೆದ ಒಂಬತ್ತು ವರ್ಷಗಳಿಂದ ಮದ್ಯದ ಅವಲಂಬನೆ ಇದ್ದು, ಈ ಬಗ್ಗೆ ಮೂರು ಬಾರಿ ಆಸ್ಪತ್ರೆಯಲ್ಲಿ ದಾಖಲಾಗಿ ಚಿಕಿತ್ಸೆ ಪಡೆದಿರುತ್ತಾರೆ. ಕೆಳಗೆ ತಿಳಿಸಿದ ದಿನಾಂಕಗಳಂದು ಎದುರುದಾರರು ಮದ್ಯ ಸೇವಿಸಿ ಅರ್ಜಿದಾರರ ಮೇಲೆ ಕೈಮಾಡಿರುತ್ತಾರೆ...”

ನಿನ್ನೆ ಸಂಜೆ ಆ ತಾಯಿಗೆ ಓದಿ ಹೇಳಿದೆ. ತಮ್ಮ ಅಕ್ಕನ ಮನೆಯಿಂದ ಹೊಲಿಗೆ ಮುಗಿಸಿ ಬಂದಿದ್ದರು, ಸೆರಗಿನ ಮೇಲೆ ದಾರದ ಎಳೆಗಳು. ಪೂರ್ತಿ ಕೇಳಿ, “ಎರಡನೇ ಸಲ ಅವರಾಗಿಯೇ ಬಸ್ ಹತ್ತಿ ಆಸ್ಪತ್ರೆಗೆ ಹೋಗಿದ್ದರು. ಯಾರೂ ಎಳೆದುಕೊಂಡು ಹೋಗಿರಲಿಲ್ಲ. ಅದನ್ನೂ ಬರೆಯಿರಿ” ಎಂದರು. ಇದು ನಮ್ಮ ಪ್ರಕರಣಕ್ಕೆ ಉಪಯೋಗವಿಲ್ಲ ಎಂದು ಹೇಳಲು ಹೊರಟೆ, ಹೇಳಲಿಲ್ಲ. ಬರೆದೆ.

ಕನ್ನಡ ಮೇಷ್ಟರು:
‘ಕೈಮಾಡಿರುತ್ತಾರೆ’ ಬೇಡ, ‘ಹೊಡೆದಿರುತ್ತಾರೆ’ ಎಂದು ಮಾಡಿ. ಅಲ್ಲಿ ಮತ್ತೆ ಮೆತ್ತಗಾಗಿದೆ.

ಮಲೆನಾಡಿನ ಸೊಸೆ:
ಹೌದು. ಹೊಡೆದಿರುತ್ತಾರೆ.

ಹಾವೇರಿ ವಕೀಲೆ:
ಬದಲಿಸಿದೆ. ಧನ್ಯವಾದ ಮೇಷ್ಟರೇ, ಧನ್ಯವಾದ ಅಕ್ಕಾ.

ಹಳೆಯ ಠಾಣೆ ಬರಹಗಾರ:
ಮೇಡಂ, ಆ ಬಸ್ಸಿನ ಸಾಲಿಗೆ ಆಧಾರ ಇದೆಯೇ? ಎರಡನೇ ಸಲದ ದಾಖಲಾತಿ ಚೀಟಿಯಲ್ಲಿ ‘ಜೊತೆಗೆ ಬಂದವರು’ ಎಂಬ ಕಾಲಂ ಇರುತ್ತದೆ, ಅದು ಖಾಲಿ ಇದ್ದರೆ ಅದೇ ಸಾಕ್ಷಿ.

ಹಾವೇರಿ ವಕೀಲೆ:
ಈಗ ತೆಗೆದು ನೋಡಿದೆ ಸರ್. ಖಾಲಿ ಇದೆ. ಅನುಬಂಧ 4 ಎಂದು ಗುರುತು ಹಾಕಿದೆ.